ಎಲ್ಲೆ ನಿಂದರ್ಲಿ ಮಾಮಾ?

ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್‌ನಲ್ಲಿ ಕತ್ತೆತ್ತಿ ನೋಡಿದರೆ ಕಂಬಗಳ ನೆತ್ತಿಯ ಮೇಲೆ ಹೆಂಗಸರು ಕಾಣುತ್ತಾರೆ. ದೊಡ್ಡ ಪೆಟ್ಟಿಗೆಗಳಂಥ ಕಟ್ಟೆಗಳ ಮೂಲೆಗೆ ಒರಗಿ, ಮುಖವನ್ನು ಒಳಗೆ ಹುದುಗಿಸಿ, ಜಗತ್ತಿಗೇ ಬೆನ್ನು ಹಾಕಿ ನಿಂತ ಶಿಲ್ಪಗಳು ಅವು. ಕೆಳಗೆ ಕೊಳದ ದಂಡೆಯಲ್ಲಿ ಮಾತ್ರ ಬೆನ್ನು ಹಾಕಿದವರು ಒಬ್ಬರೂ ಸಿಗುವುದಿಲ್ಲ. ಎಲ್ಲರ ಮುಖವೂ ಯಾವುದಾದರೊಂದು ಕ್ಯಾಮೆರಾದ ಕಡೆಗೇ.

ಅಕ್ಟೋಬರಿನ ಶನಿವಾರ ಬೆಳಿಗ್ಗೆ. ಮಂಜು ಇಲ್ಲದ ಅಪರೂಪದ ತಿಂಗಳು. ಒಂದು ಕಂಬದ ಬುಡದಲ್ಲಿ ಮದುವೆಯ ಜೋಡಿ. ಮದುಮಗಳ ಬಿಳಿ ನಿಲುವಂಗಿಯ ಬಾಲವನ್ನು ಗೆಳತಿಯೊಬ್ಬಳು ಗಾಳಿಗೆ ಎಸೆದು ಓಡಿ ಮರೆಯಾಗುತ್ತಾಳೆ, ಮತ್ತೆ ಬಂದು ಎಸೆಯುತ್ತಾಳೆ. ಅದರ ಪಕ್ಕದ ಕಂಬ ಮೆಕ್ಸಿಕೋ ಮೂಲದ ಮನೆಯೊಂದರ ಪಾಲಿಗೆ. ಹುಡುಗಿಗೆ ಹದಿನೈದು ತುಂಬಿದ ಸಂಭ್ರಮ, ಬುಟ್ಟಿಯಷ್ಟು ಅಗಲದ ಕೆಂಪು ಲಂಗ, ಸುತ್ತ ಕಪ್ಪು ಸೂಟಿನ ಹುಡುಗರ ಪಡೆ. ಇವರಿಬ್ಬರ ನಡುವೆ ಸಿಕ್ಕ ಸಂದಿಯಲ್ಲಿ ಹದಿನೇಳರ ಹುಡುಗರು, ಹುಡುಗಿಯರು. ಒಬ್ಬನ ಹೆಗಲಿಗೆ ಶಾಲೆಯ ಜಾಕೆಟ್ಟು, ಇನ್ನೊಬ್ಬಳ ಕೈಯಲ್ಲಿ ಪಿಟೀಲು, ಮತ್ತೊಬ್ಬಳ ಕೈಯಲ್ಲಿ ಪದವಿ ವರ್ಷದ ಅಂಕಿಯ ಚಿನ್ನದ ಬಣ್ಣದ ಬಲೂನು. ಪ್ರತಿ ಗುಂಪಿನ ಹಿಂದೆ ಬಟ್ಟೆಯ ಚೀಲ, ನೀರಿನ ಬಾಟಲಿ, ಬಾಚಣಿಗೆ ಹೊತ್ತ ಒಬ್ಬ ತಾಯಿ. ಇಲ್ಲಿ ಸರತಿ ಸಾಲಿನ ಹಗ್ಗ ಇಲ್ಲ, ಆದರೆ ಸರತಿ ಇದೆ. ಒಬ್ಬ ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಳಿಸಿದ ಅಂದರೆ ಇನ್ನೊಬ್ಬ ಹೆಜ್ಜೆ ಮುಂದಿಟ್ಟ.

ಈ ಕಟ್ಟಡ 1915ರ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನಕ್ಕೆಂದು ಬರ್ನಾರ್ಡ್ ಮೇಬೆಕ್ ಎಂಬ ವಾಸ್ತುಶಿಲ್ಪಿ ರೂಪಿಸಿದ್ದು. ಪ್ರದರ್ಶನ ಮುಗಿದ ಮೇಲೆ ಕೆಡವಿಹಾಕಲೆಂದೇ ಹಗುರ ಸಾಮಗ್ರಿಯಲ್ಲಿ ಕಟ್ಟಿದ್ದರು. ಊರಿನವರಿಗೆ ಕೆಡವಲು ಮನಸ್ಸು ಬರಲಿಲ್ಲ. ಅದು ಉದುರುತ್ತಾ ಬಂದಾಗ 1960ರ ದಶಕದಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಎಬ್ಬಿಸಿದರು. ನೋಡಲು ರೋಮಿನ ಪಾಳು, ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಹಿರಿದು. ಫೋಟೋಕ್ಕೆ ಹೇಳಿ ಮಾಡಿಸಿದ ಜಾಗ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೆಳಿಗ್ಗೆ ಅಲ್ಲಿ ನಿಂತಿದ್ದ ಮಕ್ಕಳಲ್ಲಿ ಎಷ್ಟು ಜನ ಹಿಂದೊಮ್ಮೆ ಆ ಕೊಳದ ಬದಿಗೆ ಕೂತು ಸ್ಯಾಂಡ್‌ವಿಚ್ ತಿಂದಿದ್ದರು, ಅತ್ತಿದ್ದರು, ಜಗಳವಾಡಿದ್ದರು?

ನನ್ನ ತಂಗಿಯ ಮಗಳೂ ಅದೇ ದಂಡೆಯ ಮೇಲೆ ನಿಂತು ಅದನ್ನೇ ಯೋಚಿಸುತ್ತಿದ್ದಳು ಅಂತ ಕಾಣುತ್ತದೆ. ನಾವು ಬಂದದ್ದು ಜಾಗ ನೋಡಲು, ಅಷ್ಟೇ. ಕ್ಯಾಮೆರಾ ಇನ್ನೂ ಬಂದಿರಲಿಲ್ಲ. ಅವಳು ನನ್ನ ಕಡೆ ತಿರುಗಿ ಕೇಳಿದಳು: “ಮಾಮಾ, ಛಂದ ಐತಿ. ಆದ್ರ ನಾ ಇಲ್ಲೆ ಯಾಕ್ ನಿಂದರ್ಲಿ?”

ಅಮೆರಿಕದ ಹೈಸ್ಕೂಲಿನಲ್ಲಿ ಹನ್ನೆರಡನೆಯ ತರಗತಿಯವರು ಸೀನಿಯರ್‌ಗಳು. ಮೇ ಅಥವಾ ಜೂನಿನಲ್ಲಿ ಟೊಪ್ಪಿಗೆ, ನಿಲುವಂಗಿ ತೊಟ್ಟು ಹೊರಬೀಳುತ್ತಾರೆ. ಅದಕ್ಕೆ ಸುಮಾರು ಒಂದು ವರ್ಷ ಮೊದಲೇ, ಹನ್ನೊಂದನೆಯ ತರಗತಿಯ ಬೇಸಿಗೆ ರಜೆಯಲ್ಲಿ ಅಥವಾ ಮುಂದಿನ ಶರತ್ಕಾಲದಲ್ಲಿ, ಫೋಟೋದ ಗಡಿಬಿಡಿ ಶುರು. ಸೀನಿಯರ್ ಪೋರ್ಟ್ರೇಟ್ ಅಂದರೆ ಎರಡು ಬಗೆ. ಒಂದು ಶಾಲೆಯ ವಾರ್ಷಿಕ ಪುಸ್ತಕಕ್ಕೆ, ಅಂದರೆ ಇಯರ್‌ಬುಕ್ಕಿಗೆ. ಇನ್ನೊಂದು ತಮಗಾಗಿ: ಗೋಡೆಗೆ, ನೆಂಟರಿಗೆ ಕಳಿಸುವ ಪದವಿ ಆಮಂತ್ರಣಕ್ಕೆ, ಅಜ್ಜಿಯ ಫ್ರಿಜ್ಜಿನ ಬಾಗಿಲಿಗೆ.

ಮೊದಲನೆಯದರಲ್ಲಿ ಜಾಗ ಆರಿಸುವ ಪ್ರಶ್ನೆಯೇ ಇಲ್ಲ. ಶಾಲೆ ಗೊತ್ತುಮಾಡಿದ ಸ್ಟುಡಿಯೋದವರು ಬರುತ್ತಾರೆ ಅಥವಾ ಮಕ್ಕಳೇ ಅಲ್ಲಿಗೆ ಹೋಗುತ್ತಾರೆ. ಹುಡುಗಿಯರಿಗೆ ಡ್ರೇಪ್ ಅನ್ನುವ ಕಪ್ಪು ಬಟ್ಟೆ ಕೊಡುತ್ತಾರೆ. ಮಖಮಲ್ಲಿನಂತೆ ಕಾಣುವ ಅದು ಮುಂದಿನಿಂದ ಸಂಜೆಯ ಔತಣಕ್ಕೆ ಹೊರಟವಳ ಉಡುಪು. ಹಿಂದೆ ಹೋಗಿ ನೋಡಿದರೆ ಕ್ಲಿಪ್ಪು, ವೆಲ್ಕ್ರೋ, ಕೆಳಗೆ ಅದೇ ಹಳೆಯ ಜೀನ್ಸು. ಹುಡುಗರಿಗೆ ಟಕ್ಸಿಡೋದ ಮುಂಭಾಗ, ಎದೆಗೆ ಅಂಟಿದ ಬೋ. ಒಂದೇ ಡ್ರೇಪಿನೊಳಗೆ ದಿನವಿಡೀ ಎಷ್ಟೋ ಹುಡುಗಿಯರು ಹೊಕ್ಕು ಹೊರಬರುತ್ತಾರೆ. ಸ್ಟೂಲಿನ ಮೇಲೆ ಓರೆಯಾಗಿ ಕೂರಿಸಿ, ಗದ್ದ ತುಸು ಎತ್ತಿ, ಟಪ್ ಟಪ್ ಅಂತ ನಾಲ್ಕು ಸಲ ಹೊಡೆದರೆ ಮುಗಿಯಿತು. ಪುಸ್ತಕದಲ್ಲಿ ಎಲ್ಲರ ತಲೆಯೂ ಒಂದೇ ಅಳತೆ, ಎಲ್ಲರ ಹಿಂದೆಯೂ ಒಂದೇ ಬೂದು. ಇದನ್ನು ಅಣಕಿಸುವವರಿದ್ದಾರೆ. ನನಗೇನೋ ಅದರಲ್ಲಿ ಒಂದು ನ್ಯಾಯ ಕಾಣುತ್ತದೆ: ಕಾರ್ಖಾನೆಯ ಒಡೆಯನ ಮಗನಿಗೂ ಅಲ್ಲಿ ಕಸ ಗುಡಿಸುವವನ ಮಗನಿಗೂ ಅದೇ ಬೋ. ಧಾರವಾಡದ ಶಾಲೆಯಲ್ಲಿ ನಮ್ಮ ಗ್ರೂಪ್ ಫೋಟೋ ಕೂಡ ಹೀಗೇ. ಬೆಂಚು ಅಂಗಳಕ್ಕೆ ತಂದು, ಹೆಡ್ ಮಾಸ್ತರರನ್ನು ನಡುವೆ ಕೂರಿಸಿ, ಎತ್ತರದವರು ಹಿಂದೆ, ಗಿಡ್ಡರು ನೆಲದ ಮೇಲೆ. ಎಲ್ಲಿ ನಿಲ್ಲಬೇಕೆಂದು ನಮ್ಮನ್ನು ಕೇಳಿದವರು ಯಾರೂ ಇರಲಿಲ್ಲ.

ಎರಡನೆಯ ಬಗೆಯ ಫೋಟೋಕ್ಕೆ ಬೇಕು ಜಾಗ. ಇದೇನು ಇನ್‌ಸ್ಟಾಗ್ರಾಮ್ ಹುಟ್ಟಿಸಿದ ಹುಚ್ಚಲ್ಲ. ಯೇಲ್ ಕಾಲೇಜಿನ 1806ರ ತಂಡದವರ ನೆನಪಿನ ಪುಸ್ತಕದಲ್ಲಿ ಫೋಟೋ ಇರಲು ಸಾಧ್ಯವಿರಲಿಲ್ಲ, ಕ್ಯಾಮೆರಾವೇ ಇಲ್ಲದ ಕಾಲ ಅದು. ಪಕ್ಕದಿಂದ ನೋಡಿದ ಮುಖದ ಕಪ್ಪು ನೆರಳಾಕೃತಿಗಳಿದ್ದವು. ಅರ್ಧ ಶತಮಾನದ ಮೇಲೆ ಒಂದೇ ಗಾಜಿನ ನೆಗೆಟಿವ್‌ನಿಂದ ಬೇಕಾದಷ್ಟು ಪ್ರತಿ ತೆಗೆಯುವ ವಿದ್ಯೆ ಬಂತು. ಮ್ಯಾಸಚೂಸೆಟ್ಸಿನ ಜಾರ್ಜ್ ವಾರನ್ ಎಂಬ ಫೋಟೋಗ್ರಾಫರ್ ಪೂರ್ವ ತೀರದ ಕಾಲೇಜುಗಳ ಪದವೀಧರರ ಚಿತ್ರ ತೆಗೆಯುವುದನ್ನೇ ಕಸುಬು ಮಾಡಿಕೊಂಡ. ಹುಡುಗರು ಬೇಕಾದವರ ಚಿತ್ರ ಕೊಂಡು ಆಲ್ಬಮ್ ಕಟ್ಟಿಸಿಕೊಳ್ಳುತ್ತಿದ್ದರು. ಆ ಆಲ್ಬಮ್‌ಗಳಲ್ಲಿ ಸಹಪಾಠಿಗಳು, ಪ್ರಾಧ್ಯಾಪಕರು ಇರುವಂತೆಯೇ ಕಾಲೇಜಿನ ಕಟ್ಟಡಗಳು, ಅಂಗಳದ ಮರಗಳೂ ಇವೆ. ಮುಖದ ಜೊತೆಗೆ ನೆಲವೂ ಬೇಕು ಅನ್ನುವ ಆಸೆ ಅಷ್ಟು ಹಳೆಯದು. ಮುಖ ಮತ್ತು ನೆಲ ಬೇರೆ ಬೇರೆ ಹಾಳೆಯಲ್ಲಿದ್ದವು, ಅಷ್ಟೇ ವ್ಯತ್ಯಾಸ.

ಈಗ ಎರಡೂ ಒಂದೇ ಚೌಕಟ್ಟಿಗೆ ಬಂದಿವೆ. ದೇಶ ಸುತ್ತಿದರೆ ಒಂದೊಂದು ಸೀಮೆಗೆ ಒಂದೊಂದು ಚಾಳಿ. ಅಯೋವಾ, ನೆಬ್ರಾಸ್ಕಾ ಕಡೆ ಕೊಟ್ಟಿಗೆಯ ಕೆಂಪು ಗೋಡೆ, ಮೆಕ್ಕೆಜೋಳದ ಹೊಲ, ಅಪ್ಪನ ಟ್ರ್ಯಾಕ್ಟರು, ತಾನೇ ಸಾಕಿದ ಕರು. ಮಿನಿಸೋಟಾದ ಡುಲೂತಿನಲ್ಲಿ ಸುಪೀರಿಯರ್ ಸರೋವರದ ಬಂಡೆಗಳು, ಹಡಗು ಬಂದಾಗ ಮೇಲೇಳುವ ಸೇತುವೆ. ಟೆಕ್ಸಾಸಿನಲ್ಲಂತೂ ಮಾರ್ಚ್ ಕೊನೆ, ಏಪ್ರಿಲ್ ಮೊದಲಿಗೆ ರಸ್ತೆಯ ಬದಿಯೆಲ್ಲ ನೀಲಿ. ಬ್ಲೂಬಾನೆಟ್ ಅಲ್ಲಿಯ ರಾಜ್ಯಪುಷ್ಪ, 1901ರಿಂದ. ಹೂ ಬಿಟ್ಟ ಎರಡು-ಮೂರು ವಾರ ಕಾರುಗಳು ಹೆದ್ದಾರಿಯ ಅಂಚಿಗೆ ಸಾಲಾಗಿ ನಿಲ್ಲುತ್ತವೆ. ಹಾಲುಗಲ್ಲದ ಕೂಸಿನಿಂದ ಹಿಡಿದು ಸೀನಿಯರ್‌ವರೆಗೆ ಎಲ್ಲರನ್ನೂ ಹೂವಿನ ನಡುವೆ ಕೂರಿಸಿ ಫೋಟೋ. ಅದೇ ಹೊಲದಲ್ಲಿ ಕೂಸಾಗಿದ್ದಾಗಲೂ ಕೂತಿದ್ದ ಹುಡುಗಿ ಹದಿನೇಳಕ್ಕೆ ಮತ್ತೆ ಬಂದು ಕೂತರೆ ಆ ಚಿತ್ರದ ತೂಕವೇ ಬೇರೆ.

ನಮ್ಮ ತಂಗಿಯ ಮನೆ ಇರುವುದು ಫ್ರೀಮಾಂಟಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯ ಮೇಲೆ. ನೈಲ್ಸ್, ಸೆಂಟರ್‌ವಿಲ್, ಅರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಊರು ಕೂಡಿ 1956ರಲ್ಲಿ ಆದ ನಗರ. ಕನ್ನಡ, ತೆಲುಗು, ಪಂಜಾಬಿ, ಚೀನೀ, ಆಫ್ಘನ್ ಮನೆಗಳು ಒಂದೇ ಓಣಿಯಲ್ಲಿ ಸಿಗುತ್ತವೆ. ಇಲ್ಲಿಯ ಸೀನಿಯರ್‌ಗಳಿಗೆ ಅಕ್ಟೋಬರ್ ಅಂದರೆ ಫೋಟೋದ ತಿಂಗಳಷ್ಟೇ ಅಲ್ಲ, ಕಾಲೇಜಿನ ಅರ್ಜಿಯ ತಿಂಗಳೂ ಹೌದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಗೆ ನವೆಂಬರ್ ಕೊನೆಯ ಸುಮಾರಿಗೆ ಗಡುವು. ನೀನು ಯಾರು, ಯಾವುದರಿಂದ ಆದವಳು ಅಂತ ಪ್ರಬಂಧದಲ್ಲಿ ಬರೆ ಅನ್ನುತ್ತಾರೆ. ಅದೇ ವಾರ ಫೋಟೋಗ್ರಾಫರ್ ಕೂಡ ಕೇಳುತ್ತಾನೆ: ನಿನಗೆ ಅರ್ಥವಿರುವ ಜಾಗ ಯಾವುದು? ಪಾಪ, ಹದಿನೇಳರ ಮಗು ಎಷ್ಟು ಕಡೆ ಅಂತ ತನ್ನ ಅರ್ಥ ಹೇಳಬೇಕು!

ಊಟದ ಟೇಬಲ್ಲಿನ ಸುತ್ತ ಕೂತು ಈ ಪ್ರಶ್ನೆಗೆ ಉತ್ತರ ಕೊಟ್ಟವರೆಲ್ಲ ದೊಡ್ಡವರೇ.

ತಂಗಿಯ ಗಂಡನ ಮನಸ್ಸಿನಲ್ಲಿದ್ದದ್ದು ಸ್ಟ್ಯಾನ್‌ಫರ್ಡ್. ಡಂಬಾರ್ಟನ್ ಸೇತುವೆ ದಾಟಿದರೆ ಸಿಕ್ಕಿತು. ಮರಳುಗಲ್ಲಿನ ಕಮಾನುಗಳ ಸಾಲು, ಕೆಂಪು ಹೆಂಚು, ಸಂಜೆ ಬೆಳಕಿಗೆ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. “ಬೆಳಕು ಛಲೋ ಇರ್ತದ ಅಲ್ಲೆ” ಅಂದರು ಅವರು, ಬೆಳಕಿನ ಮೇಲೆ ಮಾತ್ರ ಆಸೆ ಇದ್ದವರಂತೆ. ಮಗಳು ಚಪಾತಿ ಮುರಿಯುತ್ತಲೇ, “ಅಪ್ಪಾ, ಸೀಟ ಸಿಕ್ಕಿಲ್ಲ ಇನ್ನಾ. ಸಿಗಲಿಲ್ಲ ಅಂದ್ರ ಆ ಫೋಟೋ ಎಲ್ಲೆ ಇಡೋದು?” ಅಂದಳು. ಅವರು ಪಲ್ಯದ ಬಟ್ಟಲಿಗೆ ಕೈ ಹಾಕಿದರು. ಆ ವಿಷಯ ಅಲ್ಲಿಗೇ ನಿಂತಿತು.

ತಂಗಿಗೆ ಲಿವರ್ಮೋರಿನ ಶಿವ-ವಿಷ್ಣು ದೇವಸ್ಥಾನ. ಉತ್ತರದ ಶೈಲಿಯ ಶಿಖರವೂ ದಕ್ಷಿಣದ ಗೋಪುರವೂ ಒಂದೇ ಆವರಣದಲ್ಲಿರುವ ಗುಡಿ ಅದು. ಅಕ್ಷರಾಭ್ಯಾಸ ಆದದ್ದು ಅಲ್ಲೇ, ಕಿವಿ ಚುಚ್ಚಿಸಿದ್ದು ಅಲ್ಲೇ. ಅವ್ವ ಧಾರವಾಡದಿಂದ ಕಳಿಸಿದ ಇಳಕಲ್ ಸೀರೆ ಉಡಿಸಿ, ಬಿಳಿ ಗೋಪುರದ ಮುಂದೆ ನಿಲ್ಲಿಸಬೇಕು. ಅರ್ಥವಿಲ್ಲ ಅನ್ನುವಂತಿಲ್ಲ. ಆದರೆ ಆ ಅರ್ಥ ತಂಗಿಯದು. ಊರು ಬಿಟ್ಟು ಬಂದ ಮೊದಲ ವರ್ಷಗಳಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬೀಳಲಿ ಅಂತ ಭಾನುವಾರ ಆ ಗುಡಿಯ ಊಟದ ಸಾಲಿನಲ್ಲಿ ನಿಲ್ಲುತ್ತಿದ್ದವಳು ಅವಳು. ಮಗಳು ಅಲ್ಲಿಗೆ ಹೋದದ್ದು ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾ.

ಇಂಥ ಮಾತು ನಡೆದಾಗ ಸುಮ್ಮನೆ ಕೂರುವುದು ಸೋದರಮಾವನ ಧರ್ಮ. ಮರುದಿನದಿಂದ ನಾವಿಬ್ಬರೂ ಜಾಗ ನೋಡಲು ಹೊರಟೆವು.

ಮಿಷನ್ ಪೀಕ್ ಗುಡ್ಡ ಊರಿನ ಎಲ್ಲ ಕಿಟಕಿಗಳಿಗೂ ಕಾಣುತ್ತದೆ. ಎರಡೂವರೆ ಸಾವಿರ ಅಡಿ ಎತ್ತರ, ಮರವಿಲ್ಲದ ಮೈ. ಇಲ್ಲಿಯ ಗುಡ್ಡಗಳ ಲೆಕ್ಕ ನಮ್ಮದಕ್ಕೆ ತಿರುವುಮುರುವು: ಮಳೆ ಬರುವುದು ಚಳಿಗಾಲದಲ್ಲಿ, ಹಾಗಾಗಿ ಫೆಬ್ರವರಿ, ಮಾರ್ಚಿಗೆ ಹಸಿರು, ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಹುಲ್ಲೆಲ್ಲ ಒಣಗಿ ಹೊನ್ನಿನ ಬಣ್ಣ. ಆ ಹುಲ್ಲಿನಲ್ಲಿ ಹೆಚ್ಚಿನದು ಇಲ್ಲಿಯದಲ್ಲ, ಯುರೋಪಿನವರ ದನಕರುಗಳ ಹಿಂದೆ ಬಂದ ಕಾಡು ಓಟ್ಸ್‌ನಂಥ ಜಾತಿ. ದೂರದಿಂದ ರೇಷ್ಮೆ. ಹತ್ತಿರ ಹೋಗಿ ಕೂತರೆ ಗೊತ್ತಾಗುತ್ತದೆ. ಪ್ರತಿ ಕಾಳಿಗೂ ಒಂದು ಉದ್ದನೆಯ ಒರಟು ಕೂದಲು, ನಡುವೆ ಮುರಿದಂತೆ ಬಾಗಿದ್ದು. ತೇವ ತಗಲಿದರೆ ಅದು ತಿರುಚಿಕೊಂಡು ತಾನೇ ಮಣ್ಣಿಗೆ ಕೊರೆದುಕೊಳ್ಳುತ್ತದೆ. ಮಣ್ಣು ಸಿಗದಿದ್ದರೆ ಸಾಕ್ಸು. ಸೋದರಸೊಸೆ ಕಾಲುಚೀಲ ಕಳಚಿ ಒಂದೊಂದೇ ಕೀಳುತ್ತಾ, “ಇದರಾಗ ಅಜ್ಜಿ ಸೀರಿ ಉಟ್ಟು ಕುಂತ್ರ ಮುಗೀತು ಕಥಿ” ಅಂದಳು. ತುದಿಯಲ್ಲಿ 1990ರಲ್ಲಿ ಉದ್ಯಾನದ ರೇಂಜರೊಬ್ಬರು ನೆಟ್ಟ ಒಂದು ಲೋಹದ ಕಂಬವಿದೆ. ಅದನ್ನು ಹತ್ತಿ ಫೋಟೋ ಹೊಡೆಸಿಕೊಳ್ಳಲು ಅಲ್ಲಿಯೂ ಸರತಿ. ನಾವು ಅಷ್ಟು ದೂರ ಹೋಗಲಿಲ್ಲ, ನನ್ನ ಮೊಣಕಾಲು ಅರ್ಧ ದಾರಿಯಲ್ಲೇ ತೀರ್ಮಾನ ಹೇಳಿತ್ತು.

ನೈಲ್ಸ್ ಹಳೆಯ ಊರು, ಈಗಲೂ ಒಂದೇ ಮುಖ್ಯ ಬೀದಿ. 1915ರಲ್ಲಿ, ಆ ಕಡೆ ಪ್ಯಾಲೇಸ್ ಕಟ್ಟಿ ಮುಗಿದ ಅದೇ ವರ್ಷ, ಚಾರ್ಲಿ ಚಾಪ್ಲಿನ್ ಇಲ್ಲಿಯ ಎಸ್ಸನೇ ಸ್ಟುಡಿಯೋಕ್ಕೆ ಬಂದು ಐದು ಚಿತ್ರ ಮಾಡಿದ. ‘ದ ಟ್ರ್ಯಾಂಪ್’ನ ಕೊನೆಯಲ್ಲಿ ಬೆನ್ನು ಹಾಕಿ ಧೂಳಿನ ದಾರಿಯಲ್ಲಿ ಸಾಗಿಹೋಗುವ ದೃಶ್ಯ ತೆಗೆದದ್ದು ಇಲ್ಲಿಯ ಕಣಿವೆಯಲ್ಲಿ. ಮುಖವೇ ಕಾಣದ ಭಾವಚಿತ್ರ ಅದು. ಜಾಗವೇ ಎಲ್ಲವನ್ನೂ ಹೇಳಿಬಿಡುತ್ತದೆ. ನಾವು ಹೋದಾಗ ಬೀದಿಯ ತುದಿಯಲ್ಲಿ ಇಬ್ಬರು ಹುಡುಗರು ರೈಲು ಹಳಿಯ ನಡುವೆ ನಿಂತು ಫೋನಿಗೆ ಪೋಸು ಕೊಡುತ್ತಿದ್ದರು. ಹಳಿ ಅಂದರೆ ಸೀನಿಯರ್ ಫೋಟೋದವರಿಗೆ ಬಿಡಲಾಗದ ಮೋಹ: ಎರಡು ಗೆರೆ ದೂರದಲ್ಲಿ ಕೂಡುತ್ತವೆ, ಮುಂದಿನ ಬದುಕಿನ ಹಾದಿ ಅಂತ ಅಡಿಬರಹ ಹಾಕಬಹುದು. ಹಳಿ ರೈಲು ಕಂಪನಿಯ ಖಾಸಗಿ ಆಸ್ತಿ, ಅಲ್ಲಿ ಕಾಲಿಟ್ಟರೆ ಅತಿಕ್ರಮಣ. ಸರಕು ತುಂಬಿ ವೇಗವಾಗಿ ಬರುವ ಗಾಡಿ ಬ್ರೇಕು ಹಾಕಿದ ಮೇಲೂ ಒಂದು ಮೈಲಿ, ಅದಕ್ಕಿಂತ ಹೆಚ್ಚೇ ಓಡುತ್ತದೆ. ಗಾಡಿಯ ಮೈ ಹಳಿಯಿಂದ ಎರಡೂ ಕಡೆಗೆ ಮೂರಡಿ ಚಾಚಿರುತ್ತದೆ. ಇದನ್ನು ಹೇಳಿ ಹೇಳಿ ರೈಲ್ವೆ ಸುರಕ್ಷತೆಯ ಸಂಸ್ಥೆ ಆಪರೇಷನ್ ಲೈಫ್‌ಸೇವರ್ ಬೇಸತ್ತಿದೆ. ಒಳ್ಳೆಯ ಫೋಟೋಗ್ರಾಫರುಗಳು ಹಳಿ ಅಂದ ಕೂಡಲೇ ಇಲ್ಲ ಅನ್ನುತ್ತಾರೆ. ನಾನು ಆ ಹುಡುಗರಿಗೆ ಕೈ ಬೀಸಿ ಕರೆದೆ. ಯಾರಿವನು ಮುದುಕ ಅನ್ನುವಂತೆ ನೋಡಿ ಇಳಿದರು.

ಮಿಷನ್ ಸ್ಯಾನ್ ಹೋಸೆಯ ಇಗರ್ಜಿಯ ದಪ್ಪ ಬಿಳಿ ಗೋಡೆ ನೋಡಿದೆವು. 1797ರಲ್ಲಿ ಹುಟ್ಟಿದ ಮಿಷನ್. ಇಗರ್ಜಿ 1868ರ ಭೂಕಂಪಕ್ಕೆ ಬಿದ್ದು, 1985ರಲ್ಲಿ ಹಳೆಯ ಮಾದರಿಯಲ್ಲೇ ಮತ್ತೆ ಎದ್ದಿತು. ಕಪ್ಪು ಕೂದಲಿಗೆ ಅಂಥ ಗೋಡೆ ಸಿಗುವುದು ಕಷ್ಟ. ಸೊಸೆ ಮುಟ್ಟಿ ನೋಡಿ, ತಲೆದೂಗಿ, ಕಾರು ಹತ್ತಿದಳು.

ಕಾರಿನಲ್ಲಿ ಬರುವಾಗ ನಾನು ಕೇಳಿದ್ದು ಒಂದೇ ಮಾತು: “ಕಣ್ಣು ಮುಚ್ಚಿ ನಡಿ ಅಂದ್ರ ಎಡವದಽ ಎಲ್ಲೆ ನಡೀತಿ?”

ಅರ್ಥವಿರುವ ಜಾಗ ಯಾವುದು ಅಂತ ಕೇಳಿದರೆ ಯಾರಿಗಾದರೂ ತಲೆ ಬಿಸಿಯಾಗುತ್ತದೆ. ದೊಡ್ಡ ಮಾತು ಹುಡುಕಲು ಶುರು ಮಾಡುತ್ತಾರೆ. ಕಾಲಿಗೆ ಗೊತ್ತಿರುವ ಜಾಗ ಯಾವುದು ಅಂದರೆ ಉತ್ತರ ಥಟ್ಟನೆ ಬರುತ್ತದೆ. ಅವಳೂ ಯೋಚಿಸಲಿಲ್ಲ. “ಕ್ರೀಕ್ ಟ್ರೇಲ್” ಅಂದಳು. “ಬ್ರಿಜ್ಜಿನ ಕೆಳಗ.”

ಅಲಮೀಡಾ ಕ್ರೀಕ್ ನೈಲ್ಸ್ ಕಣಿವೆಯಿಂದ ಹೊರಬಂದು ಪಶ್ಚಿಮಕ್ಕೆ ಹರಿದು ಕೊಲ್ಲಿ ಸೇರುವ ಹಳ್ಳ. 1950ರ ದಶಕದ ನೆರೆಗಳು ಊರಿಗೆ ನುಗ್ಗಿದ ಮೇಲೆ ಸೇನೆಯ ಇಂಜಿನಿಯರುಗಳು ಅದನ್ನು ಅಗಲ ಮಾಡಿ, ನೆಟ್ಟಗೆ ಮಾಡಿ, ಎರಡೂ ಬದಿಗೆ ಏರಿ ಕಟ್ಟಿದರು. ಆ ಏರಿಯ ಮೇಲೆಯೇ ಹನ್ನೆರಡು ಮೈಲಿ ಕಾಲುದಾರಿ. ದಕ್ಷಿಣದ ದಂಡೆ ಡಾಂಬರಿನದು, ಸೈಕಲ್ಲಿನವರಿಗೆ, ಓಡುವವರಿಗೆ. ಉತ್ತರದ್ದು ಮಣ್ಣಿನದು, ಕುದುರೆಗೂ ಅನುಮತಿ. ಪ್ರವಾಸಿ ಪುಸ್ತಕದಲ್ಲಿ ಇದರ ಚಿತ್ರ ಹಾಕುವ ಧೈರ್ಯ ಯಾರೂ ಮಾಡಲಾರರು. ಅಕ್ಟೋಬರಿನಲ್ಲಿ ನೀರೆಂದರೆ ಅಲ್ಲೊಂದು ಇಲ್ಲೊಂದು ಹೊಂಡ, ದಡದಲ್ಲಿ ಬೆಳ್ಳಕ್ಕಿ, ಹೊಂಡದಲ್ಲಿ ಮಕಾಡೆ ಮಲಗಿದ ಅಂಗಡಿಯ ತಳ್ಳುಗಾಡಿ. ಮೇಲೆ ಹೈ ಟೆನ್ಷನ್ ತಂತಿ. ರಸ್ತೆ ಅಡ್ಡ ಬಂದಲ್ಲೆಲ್ಲ ದಾರಿ ಸೇತುವೆಯ ಕೆಳಗೆ ನುಸುಳುತ್ತದೆ.

ಸೊಸೆ ಕ್ರಾಸ್ ಕಂಟ್ರಿ ಓಟಗಾರ್ತಿ. ಗೆದ್ದು ಪೇಪರಿನಲ್ಲಿ ಬಂದವಳಲ್ಲ. ತಂಡದಲ್ಲಿ ಕೊನೆಯ ಕಡೆಯಿಂದ ಎಣಿಸಿದರೆ ಬೇಗ ಸಿಗುವವಳು. ಆಗಸ್ಟಿನಿಂದ ನವೆಂಬರ್‌ವರೆಗೆ ಸ್ಪರ್ಧೆಯ ಕಾಲ. ಉಳಿದ ತಿಂಗಳೂ ಬಿಡದೆ ಶಾಲೆ ಮುಗಿದ ಮೇಲೆ ತಂಡವೆಲ್ಲ ಈ ಏರಿಯ ಮೇಲೆ. ಆ ಸೇತುವೆ ಅವರಿಗೆ ತಿರುಗಿ ಬರುವ ಗುರುತು. ಬೇಸಿಗೆಯಲ್ಲಿ ನೆರಳು, ಜನವರಿಯಲ್ಲಿ ಮಳೆಗೆ ಸೂರು. ಕಂಬದ ಒಂದು ಮೂಲೆಯಲ್ಲಿ ಸೊಂಟದೆತ್ತರಕ್ಕೆ ಕಾಂಕ್ರೀಟು ನುಣ್ಣಗಾಗಿ ಸ್ವಲ್ಪ ಕಪ್ಪಾಗಿದೆ; ಓಡಿ ಬಂದವರು ಅಲ್ಲಿ ಬೆವರಿನ ಕೈ ಊರಿ, ಒಂದು ಕಾಲನ್ನು ಹಿಂದಕ್ಕೆ ಮಡಿಸಿ, ತೊಡೆಯ ಸ್ನಾಯು ಹಿಗ್ಗಿಸುತ್ತಾರೆ. ನನಗೆ ತೋರಿಸುವಾಗ ಅವಳ ಅಂಗೈ ತಾನಾಗಿ ಆ ಕಲೆಯ ಮೇಲೆ ಹೋಗಿ ಕೂತಿತು. ಅಲ್ಲಿ ನಿಂತು ವಾಂತಿ ಮಾಡಿಕೊಂಡಿದ್ದಾಳಂತೆ. ಅಲ್ಲೇ ಒಬ್ಬ ಗೆಳತಿಯ ಜೊತೆ ಮಾತು ಬಿಟ್ಟು, ಅಲ್ಲೇ ಮತ್ತೆ ಮಾತು ಆಡಿದ್ದಾಳಂತೆ. ಇದನ್ನೆಲ್ಲ ತಂಗಿ ಮೊದಲ ಸಲ ಕೇಳಿದ್ದು ಆ ರಾತ್ರಿ, ಊಟದ ಟೇಬಲ್ಲಿನಲ್ಲಿ, ನನ್ನ ಬಾಯಿಂದ.

ವಿಡಿಯೋ ಕರೆಯಲ್ಲಿ ಅವ್ವನಿಗೂ ಸುದ್ದಿ ಹೋಯಿತು. “ಏನವಾ, ರೊಕ್ಕಾ ಕೊಟ್ಟು ಬ್ರಿಜ್ಜಿನ ಕೆಳಗ ನಿಂದರ್ತೀಯಂತ? ಅಮೇರಿಕಾದಾಗ ಬ್ಯಾರೆ ಜಾಗ ಇಲ್ಲೇನು?” ಅಂತ ಮೊದಲ ಪ್ರಶ್ನೆ. ಎರಡನೆಯದು: “ಸೀರಿ ಉಡ್ತೀಯಿಲ್ಲೋ?” ಉಡುತ್ತೇನೆ ಅಂದಳು ಮೊಮ್ಮಗಳು. ಎರಡನೆಯ ಉತ್ತರ ಸಿಕ್ಕ ಮೇಲೆ ಅವ್ವ ಮೊದಲನೆಯದನ್ನು ಕೈಬಿಟ್ಟರು.

ಫೋಟೋಗ್ರಾಫರ್ ನಲವತ್ತರ ಆಸುಪಾಸಿನ ಹೆಣ್ಣುಮಗಳು, ಮಾತು ಕಡಿಮೆ. ಉದ್ಯಾನದ ಜಾಗದಲ್ಲಿ ದುಡ್ಡಿಗೆ ಚಿತ್ರ ತೆಗೆಯುವವರು ಅನುಮತಿ ಪಡೆಯಬೇಕು; ಆ ಕಾಗದ ಪತ್ರ ಅವಳೇ ನೋಡಿಕೊಂಡಿದ್ದಳು. ಜಾಗದ ಹೆಸರು ಕೇಳಿ ಹುಬ್ಬೇರಿಸಿದ್ದಳಂತೆ. ಸೂರ್ಯ ಮುಳುಗಲು ಒಂದೂವರೆ ತಾಸು ಇರುವಾಗ ಬಂದು, ಸೇತುವೆಯ ಕೆಳಗೆ ಇಳಿದು, ಚೀಲ ಹೆಗಲಿನಿಂದ ಇಳಿಸದೆ ಒಂದು ಸುತ್ತು ತಿರುಗಿದಳು. ತನ್ನ ಅಂಗೈಯನ್ನೇ ಮುಂದೆ ಹಿಡಿದು, ನಿಧಾನವಾಗಿ ತಿರುಗಿಸುತ್ತಾ, ಬೆಳಕು ಅದರ ಮೇಲೆ ಹೇಗೆ ಬೀಳುತ್ತದೆ ಅಂತ ನೋಡಿದಳು. ಆಮೇಲೆ ಚೀಲ ಇಳಿಸಿದಳು.

ಅವಳು ಕಂಡದ್ದೇನು ಅಂತ ನನಗೆ ಆಮೇಲೆ ಗೊತ್ತಾಯಿತು. ಬಯಲಿನಲ್ಲಿ ಬಿಸಿಲು ನೆತ್ತಿಯಿಂದ ಬಿದ್ದರೆ ಕಣ್ಣಿನ ಗುಳಿಯಲ್ಲಿ ನೆರಳು. ಹುಲ್ಲಿನ ಮೇಲೆ ಕೂರಿಸಿದರೆ ಗದ್ದದ ಕೆಳಗೆ ಹಸಿರು ಛಾಯೆ ಹತ್ತುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ತೊಳೆಯಬೇಕು. ಸೇತುವೆಯ ಕೆಳಗೆ ಮೇಲಿನ ಬೆಳಕಿಗೆ ಅಡ್ಡ ದಪ್ಪ ಚಪ್ಪರ. ಬೆಳಕು ಬರುವುದು ಎರಡು ಬದಿಯಿಂದ ಮಾತ್ರ, ಕಿಟಕಿಯಿಂದ ಬಂದಂತೆ. ಬೂದು ಕಾಂಕ್ರೀಟು ಅದನ್ನು ಯಾವ ಬಣ್ಣವನ್ನೂ ಬೆರೆಸದೆ ಹಿಂದಕ್ಕೆ ಚೆಲ್ಲುತ್ತದೆ. ಮಧ್ಯಾಹ್ನದ ಮೇಲೆ ಕೊಲ್ಲಿಯಿಂದ ಬೀಸಿ ಕೂದಲು ಕೆದರುವ ಗಾಳಿಗೂ ಕಂಬ ಅಡ್ಡ. ಸ್ಟುಡಿಯೋದವರು ದೀಪ, ಬಿಳಿ ಹಲಗೆ ಇಟ್ಟು ಮಾಡುವುದನ್ನು ಹೆದ್ದಾರಿ ಇಲಾಖೆ ಗೊತ್ತಿಲ್ಲದೆಯೇ ಮಾಡಿಟ್ಟಿತ್ತು. ಹಳ್ಳ ಹರಿಯುವುದು ಪಶ್ಚಿಮಕ್ಕಾದ್ದರಿಂದ ಸಂಜೆಯಾದಂತೆ ಬಿಸಿಲು ಏರಿಯ ಉದ್ದಕ್ಕೂ ಜಾರಿಕೊಂಡು ಬಂದು ನೇರ ಸೇತುವೆಯ ಕೆಳಗೆ ನುಗ್ಗುತ್ತದೆ.

ಮೊದಲು ಹಾಕಿದ್ದು 85 ಎಂಎಂ ಲೆನ್ಸು. ಭಾವಚಿತ್ರಕ್ಕೆ ಎಲ್ಲರೂ ಮೆಚ್ಚುವ ಲೆನ್ಸು ಅದು, ಅಪರ್ಚರನ್ನು 1.8ಕ್ಕೆ ತೆರೆದರೆ ಕಣ್ಣ ರೆಪ್ಪೆ ಎಣಿಸುವಷ್ಟು ಚುರುಕು, ಹಿಂದಿನದೆಲ್ಲ ಬೆಣ್ಣೆ. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ತೋರಿಸಿದಳು. ತಂಗಿ, “ಅಯ್ಯ, ಎಷ್ಟ ಛಂದ!” ಅಂದಳು. ಸೊಸೆ ನೋಡಿ, ತುಸು ಹೊತ್ತು ಸುಮ್ಮನಿದ್ದು, ಇಂಗ್ಲಿಷಿನಲ್ಲಿ ಕೇಳಿದಳು: ಸೇತುವೆ ಎಲ್ಲಿ ಹೋಯಿತು?

ನಾನು ಈ ಪದ್ಧತಿಯ ಬಗ್ಗೆ ತಕರಾರು ಎತ್ತುವುದಿದ್ದರೆ ಇದೊಂದೇ. ಜಾಗಕ್ಕಾಗಿ ಊರೆಲ್ಲ ತಿರುಗಿ, ಮನೆಯಲ್ಲಿ ಜಗಳ ಮಾಡಿ, ಕೊನೆಗೆ ಆ ಜಾಗವನ್ನು ಲೆನ್ಸಿನಿಂದ ಅಳಿಸಿಹಾಕುತ್ತಾರೆ. ಬೈಲಹೊಂಗಲದ ಬಯಲೂ ಆಗಬಹುದು, ಬರ್ಕ್ಲಿಯ ಹುಲ್ಲೂ ಆಗಬಹುದು ಅನ್ನುವಂಥ ಹಸಿರು-ಹೊನ್ನಿನ ಮಬ್ಬು ಉಳಿಯುತ್ತದೆ. ಹಾಗಿದ್ದರೆ ಮನೆಯ ಹಿತ್ತಲೇ ಸಾಕಿತ್ತು. ಆ ಹೆಣ್ಣುಮಗಳಿಗೆ ಮಾತು ತಿಳಿಯಿತು. ಲೆನ್ಸು ಬಿಚ್ಚಿ 35 ಎಂಎಂನದು ಹಾಕಿದಳು, ಅಪರ್ಚರ್ ಕಿರಿದು ಮಾಡಿದಳು, ನಾಲ್ಕು ಹೆಜ್ಜೆ ಮುಂದೆ ಬಂದಳು. ಈಗ ಕಂಬ ಬಂತು, ತೊಲೆ ಬಂತು, ಡಾಂಬರಿನ ಮೇಲೆ ಬಿಳಿ ಬಣ್ಣದ ಮೈಲಿ ಅಂಕಿ ಬಂತು, ನುಣ್ಣಗಾದ ಆ ಕಪ್ಪು ಕಲೆಯೂ ಬಂತು. ಮುಖ ಚೌಕಟ್ಟಿನಲ್ಲಿ ಸಣ್ಣದಾಯಿತು. ತಂಗಿಗೆ ಅದು ಸರಿಬರಲಿಲ್ಲ. “ಮಾರಿ ಕಾಣವಲ್ತು” ಅಂತ ನನ್ನ ಕಿವಿಯಲ್ಲಿ ಅಂದಳು.

ಇನ್ನೊಂದು ತೊಡಕೂ ಇತ್ತು. ಮುಗುಳ್ನಗು ಅಂದರೆ ಹಲ್ಲು ಕಾಣುತ್ತಿದ್ದವು, ಕೈ ಮಾತ್ರ ಏನು ಮಾಡಬೇಕೆಂದು ತಿಳಿಯದೆ ಮರದ ಕೈಯಾಗಿ ಜೋತಿದ್ದವು. ಆಗ ಫೋಟೋಗ್ರಾಫರ್, ನೀನು ಇಲ್ಲಿ ದಿನಾ ಏನು ಮಾಡುತ್ತೀಯೋ ಅದನ್ನೇ ಮಾಡು ಅಂದಳು. ಹುಡುಗಿ ಮುಂದಿನ ತಿರುವಿನವರೆಗೆ ಓಡಿಹೋಗಿ, ಓಡಿ ಬಂದು, ಕಂಬಕ್ಕೆ ಕೈ ಊರಿ ಬಗ್ಗಿ ಉಸಿರು ತೆಗೆದುಕೊಂಡಳು. ಕತ್ತೆತ್ತಿದಾಗ ಮುಖ ಕೆಂಪು, ಹಣೆಗೆ ಕೂದಲು ಅಂಟಿತ್ತು. ಶಟರು ಒಂದೇ ಸಮನೆ ಹೊಡೆದುಕೊಂಡಿತು. ಪ್ಯಾಲೇಸಿನ ಕಂಬದ ಮುಂದೆ ಹೀಗೆ ಉಸಿರು ಬಿಡು ಅಂದಿದ್ದರೆ ಅದು ನಾಟಕವಾಗುತ್ತಿತ್ತು. ಇಲ್ಲಿ ಪೋಸು ಕೊಡುವುದೇ ನಾಟಕ.

ಸೀರೆ ಕೊನೆಗೆ. ಕಾರಿನ ಹಿಂದೆ ದುಪ್ಪಟದ ಮರೆ ಮಾಡಿ, ತಂಗಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ನಿರಿಗೆ ಹಿಡಿದಳು. ಕಪ್ಪು-ನೀಲಿ ಒಡಲು, ಕೆಂಪು ಸೆರಗು, ಅದರ ಮೇಲೆ ಬಿಳಿಯ ತೆನೆಗಳು. ಓಟದ ಗೆಳತಿಯರಿಬ್ಬರು ಆ ಹೊತ್ತಿಗೆ ಏರಿಯ ಮೇಲೆ ಬಂದವರು ನಿಂತುಬಿಟ್ಟರು; ಒಬ್ಬಳು ಚೀನೀ ಮೂಲದವಳು, ಒಬ್ಬಳು ಆಫ್ಘನ್. ಸೆರಗು ಹಿಡಿದು ಗಾಳಿಗೆ ಎಸೆಯುವ ಕೆಲಸ ಅವರದಾಯಿತು. ಬಿಸಿಲು ಆಗ ಸೇತುವೆಯ ಕೆಳಗೆ ಮೊಣಕಾಲೆತ್ತರಕ್ಕೆ ಬಂದಿತ್ತು. ಬೂದು ಕಾಂಕ್ರೀಟಿನ ಮುಂದೆ ಆ ಕೆಂಪು ಹೇಗೆ ಎದ್ದಿತು ಅಂದರೆ, ಗುಡಿಯ ಬಿಳಿ ಗೋಪುರದ ಮುಂದೆಯೂ ಅಷ್ಟು ಏಳುತ್ತಿರಲಿಲ್ಲ ಅಂತ ತಂಗಿಯೇ ಒಪ್ಪಿಕೊಂಡಳು. ಒಪ್ಪಿಕೊಂಡಳು ಅನ್ನುವುದಕ್ಕಿಂತ, ತನ್ನ ಫೋನಿನಲ್ಲೂ ತೆಗೆಯಲು ಶುರು ಮಾಡಿದಳು.

ಎರಡು ವಾರದ ಮೇಲೆ ಚಿತ್ರಗಳ ಕೊಂಡಿ ಬಂತು. ಇಯರ್‌ಬುಕ್ಕಿಗೆ ಹೋಗುವುದು ಕಪ್ಪು ಡ್ರೇಪಿನದೇ; ಅದರಲ್ಲಿ ಚರ್ಚೆಯಿಲ್ಲ. ಉಳಿದವುಗಳ ಆಯ್ಕೆಯಲ್ಲಿ ತಂಗಿಗೆ ಸೀರೆಯದು, ಸೊಸೆಗೆ ಕಂಬಕ್ಕೆ ಕೈ ಊರಿದ ಬೆವರಿನದು, ಅಪ್ಪನಿಗೆ ಸುಮ್ಮನೆ ನಗುತ್ತಿರುವ ಮಬ್ಬು ಹಿನ್ನೆಲೆಯದು. ಮೂರೂ ಪ್ರಿಂಟಿಗೆ ಹೋದವು. ಅವ್ವನಿಗೆ ಫೋನಿನಲ್ಲೇ ಕಳಿಸಿದ್ದಾಯಿತು. ಅವರು ಮೊಮ್ಮಗಳನ್ನು ಬಿಟ್ಟು ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಮೇಲಿನ ಮೂಲೆ ನೋಡುತ್ತಿದ್ದರು.

“ಅಲ್ಲೆ ತೊಲಿಗೆ ಅಂಟಿದ್ದು ಏನವು, ಮಣ್ಣಿನ ಗಡಗಿ ಇದ್ದಂಗ?”

ಹಕ್ಕಿಯ ಗೂಡು. ಕವಲುತೋಕೆಯ ಜಾತಿಯ ಹಕ್ಕಿ, ಇಲ್ಲಿಯವರು ಕ್ಲಿಫ್ ಸ್ವಾಲೋ ಅನ್ನುತ್ತಾರೆ. ಕೊಕ್ಕಿನಲ್ಲಿ ಕೆಸರಿನ ಉಂಡೆ ತಂದು ತಂದು, ಒಂದರ ಪಕ್ಕ ಒಂದು, ಬಾಯಿ ಚಾಚಿದ ಬುರುಡೆಯಂಥ ಗೂಡು ಕಟ್ಟುತ್ತವೆ. ಬೇಸಿಗೆ ಮುಗಿಯುತ್ತಿದ್ದಂತೆ ದಕ್ಷಿಣ ಅಮೆರಿಕಕ್ಕೆ ಹಾರಿಹೋಗುತ್ತವೆ, ವಸಂತಕ್ಕೆ ಮತ್ತೆ ಬರುತ್ತವೆ. ಸೊಸೆ ತನ್ನ ಅರೆ ಕನ್ನಡದಲ್ಲಿ ಇಷ್ಟನ್ನೂ ಬಿಡಿಸಿ ಹೇಳಿದಳು. ಮಾರ್ಚ್, ಏಪ್ರಿಲ್ಲಿನಲ್ಲಿ ಓಡುವಾಗ ತಲೆಯ ಮೇಲೆ ಪಿಕ್ಕೆ ಬೀಳುತ್ತದೆ ಅನ್ನುವುದನ್ನೂ ಸೇರಿಸಿದಳು.

“ಹಂಗಾರ ಖಾಲಿ ಮನಿ ಮುಂದ ನಿಂತು ತಗಸೀರಿ” ಅಂದರು ಅವ್ವ. “ಟೊಪಗಿ, ಕರೇ ಅಂಗಿ ಹಾಕ್ಕೋತಾರಲ್ಲ, ಆವಾಗ ಇನ್ನೊಮ್ಮೆ ಅಲ್ಲೇ ಹೋಗಿ ತಗಸು. ಹಕ್ಕಿ ಬಂದಿರ್ತಾವ. ಆದ್ರ ತಲಿ ಮ್ಯಾಲ ಟೊಪಗಿ ಇರ್ಲಿ.”